ಹಾಲಿನ ಡಿಗ್ರಿ ನೋಡಿದಿರಿ, ಕೊಟ್ಟಿಗೆಯ ಡಿಗ್ರಿ ನೋಡಿದಿರಾ?

ಏಪ್ರಿಲ್ ತಿಂಗಳ ಸಂಜೆ ಕೋಲಾರ ಸೀಮೆಯ ಯಾವುದೇ ಊರಿನ ಡೇರಿ ಮುಂದೆ ಹೋಗಿ ನಿಲ್ಲಿ. ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ಏನಕ್ಕಾ, ಡಿಗ್ರಿ ಬರ್ತಿಲ್ವಲ್ಲ, ನೀರು ಗೀರು ಸೇರಿಸಿದ್ಯಾ?" ಕ್ಯಾನು ಹಿಡಿದು ನಿಂತವಳು ಏನು ಹೇಳಿಯಾಳು? ಬೆನ್ನ ಹಿಂದೆ ಊರವರ ಸಾಲು. "ಇಲ್ಲಣ್ಣ, ಕರೆದಿದ್ದು ಕರೆದಂಗೇ ತಂದಿದೀನಿ" ಎನ್ನುತ್ತಾಳೆ. ಯಾರೋ ಕಿಸಕ್ಕೆಂದು ನಗುತ್ತಾರೆ. ಹಾಲು ವಾಪಸಾಗುತ್ತದೆ, ಇಲ್ಲವೇ ದರ ಇಳಿಯುತ್ತದೆ.

ನೀರು ಬೆರೆಸುವವರೇ ಇಲ್ಲವೆಂದು ನಾನು ವಾದಿಸುವುದಿಲ್ಲ. ಊರಿಗೆ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಆದರೆ ಲ್ಯಾಕ್ಟೋಮೀಟರ್ ಎಂಬ ಆ ಗಾಜಿನ ಬುರುಡೆಗೆ ಗೊತ್ತಾಗುವುದು ಹಾಲಿನ ಸಾಂದ್ರತೆ ಮಾತ್ರ. ಕರೆದ ಮೇಲೆ ನೀರು ಸೇರಿತೋ, ಕೆಚ್ಚಲಿನಿಂದ ಇಳಿಯುವಾಗಲೇ ಹಾಲು ತೆಳ್ಳಗಿತ್ತೋ ಎಂಬುದು ಅದಕ್ಕೆ ತಿಳಿಯದು. ಅದು ತಿಳಿಯಬೇಕಾದರೆ ಹಾಲು ಮಂಜುಗಡ್ಡೆಯಾಗುವ ಉಷ್ಣಾಂಶವನ್ನು ಅಳೆಯಬೇಕು. ಸೊನ್ನೆಗಿಂತ ಸುಮಾರು ಅರ್ಧ ಡಿಗ್ರಿ ಕೆಳಗಿರುವ ಆ ಅಂಕಿ ಋತು ಬದಲಾದರೂ ಹೆಚ್ಚು ಕದಲುವುದಿಲ್ಲ. ನೀರು ಬೆರೆಸಿದರೆ ಮಾತ್ರ ಸೊನ್ನೆಯತ್ತ ಸರಿಯುತ್ತದೆ. ಹಳ್ಳಿಯ ಡೇರಿಯಲ್ಲಿ ಸಂಜೆಯ ಗಡಿಬಿಡಿಯಲ್ಲಿ ಆ ಪರೀಕ್ಷೆ ಮಾಡುವವರು ಯಾರು?

ಬೇಸಿಗೆಯಲ್ಲಿ ಹಸುವಿನ ಹಾಲು ತಾನಾಗಿಯೇ ತೆಳ್ಳಗಾಗುತ್ತದೆ. ಫ್ಯಾಟ್ ಇಳಿಯುತ್ತದೆ, ಪ್ರೋಟೀನ್ ಇಳಿಯುತ್ತದೆ, ಅದರ ಹಿಂದೆಯೇ ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಇಳಿಯುತ್ತದೆ, ಲೀಟರೂ ಇಳಿಯುತ್ತದೆ. ಪಶುವೈದ್ಯ ಕಾಲೇಜಿನಲ್ಲಿ ಪಾಠ ಹೇಳುವ ಸಂಗತಿ ಇದು. ಹಾಲು ಒಕ್ಕೂಟಗಳ ಅಧಿಕಾರಿಗಳಿಗೆ ಗೊತ್ತಿಲ್ಲದ್ದೇನೂ ಅಲ್ಲ. ಗೊತ್ತಿದ್ದೂ, ಆ ಸಾಲಿನಲ್ಲಿ ತಪ್ಪಿತಸ್ಥೆಯಾಗಿ ನಿಲ್ಲುವವಳು ಕ್ಯಾನು ಹಿಡಿದ ಅವಳೊಬ್ಬಳೇ. ಬಿಸಿಲಿನ ದಂಡವನ್ನು ಹಸುವಿನ ಮೈಮೇಲೆ, ಅವಳ ಬಟವಾಡೆಯ ಮೇಲೆ ಹೇರಿ ಉಳಿದ ನಾವೆಲ್ಲ ಕಾಫಿ ಕುಡಿಯುತ್ತ ಕೂತಿದ್ದೇವೆ. ಇದು ಅನ್ಯಾಯ, ಇದು ನಿಲ್ಲಬೇಕು ಎಂದು ಹೇಳಲೆಂದೇ ಈ ಬರಹ.

ಮೊದಲು ಹಸುವಿನ ಕಷ್ಟವನ್ನು ಹಸುವಿನ ಲೆಕ್ಕದಲ್ಲಿ ನೋಡೋಣ. ಕಪ್ಪುಬಿಳುಪಿನ ಎಚ್‌ಎಫ್ (ಹೋಲ್‌ಸ್ಟೈನ್ ಫ್ರೀಜಿಯನ್) ತಳಿಗೆ ಹಿತವಾದ ಹವೆ ಸುಮಾರು 5ರಿಂದ 25 ಡಿಗ್ರಿ ಸೆಲ್ಸಿಯಸ್. ನಾವು ಸ್ವೆಟರ್ ಹುಡುಕುವ ಡಿಸೆಂಬರಿನ ಬೆಳಗ್ಗೆ ಅದಕ್ಕೆ ಹಬ್ಬ. ನಾವು "ಪರವಾಗಿಲ್ಲ, ಗಾಳಿ ಬೀಸ್ತಿದೆ" ಎನ್ನುವ 30 ಡಿಗ್ರಿಗೆ ಅದರ ಪಕ್ಕೆ ಬೇಗ ಬೇಗ ಏರಿಳಿಯಲು ಶುರುವಾಗಿರುತ್ತದೆ. ಹಸುವಿಗೆ ಹೊರಗಿನ ಬಿಸಿಲಿನ ಜೊತೆಗೆ ಒಳಗಿನ ಕಾವೂ ಇದೆ. ಅದರ ಮೆಲುಕು ಚೀಲದಲ್ಲಿ ಹುಲ್ಲು, ಬೂಸಾ, ಹಿಂಡಿ ಎಲ್ಲ ಹಗಲೂ ರಾತ್ರಿ ಹುಳಿಯುತ್ತಿರುತ್ತವೆ. ಆ ಹುಳಿಯುವಿಕೆಯಿಂದ ಶಾಖ ಹುಟ್ಟುತ್ತದೆ. ತಿಂದದ್ದು ಹಾಲಾಗುವಾಗ ಇನ್ನಷ್ಟು ಹುಟ್ಟುತ್ತದೆ. ದೊಡ್ಡ ಮೈಯ, ದಿನಕ್ಕೆ 20 ಲೀಟರ್ ಕೊಡುವ ಹಸುವಿನ ದೇಹದಿಂದ ಹೊರಹೋಗಬೇಕಾದ ಶಾಖ 1,000 ವಾಟಿಗೂ ಹೆಚ್ಚು. ಸ್ವಿಚ್ ಆರಿಸದ ಇಸ್ತ್ರಿಪೆಟ್ಟಿಗೆಯನ್ನು ಇಪ್ಪತ್ತನಾಲ್ಕು ಗಂಟೆಯೂ ಹೊಟ್ಟೆಯಲ್ಲಿಟ್ಟುಕೊಂಡ ಹಾಗೆ. ಹೆಚ್ಚು ಹಾಲು ಕೊಡುವ ಹಸುವೇ ಹೆಚ್ಚು ಬೇಯುತ್ತದೆ. ನಾವು ಬೇಡಿದ್ದನ್ನು ಕೊಟ್ಟ ತಪ್ಪಿಗೆ.

ನಮ್ಮ ಹಾಗೆ ಮೈತುಂಬ ಬೆವರಿ ತಣ್ಣಗಾಗುವ ಶಕ್ತಿ ಹಸುವಿಗಿಲ್ಲ. ಅದು ಉಸಿರಿನ ದಾರಿ ಹಿಡಿಯುತ್ತದೆ. ನೆಮ್ಮದಿಯಾಗಿ ಮಲಗಿ ಮೆಲುಕು ಹಾಕುವಾಗ ನಿಮಿಷಕ್ಕೆ ಮೂವತ್ತು ನಲವತ್ತು ಸಲ ಉಸಿರಾಡುವ ಹಸು, 60 ದಾಟಿತೆಂದರೆ ಸೆಖೆ ತಗುಲಿದೆ ಎಂದೇ ಅರ್ಥ. ಗಡಿಯಾರ ನೋಡುತ್ತ ಪಕ್ಕೆಯ ಏರಿಳಿತ ಎಣಿಸಿ. ಇದಕ್ಕೆ ಡಾಕ್ಟರು ಬರಬೇಕಿಲ್ಲ. 80, 100 ಎಂದು ಏರುತ್ತ ಹೋದಂತೆ ಬಾಯಿ ತೆರೆಯುತ್ತದೆ, ನಾಲಗೆ ಹೊರಚಾಚುತ್ತದೆ, ಜೊಲ್ಲು ನೂಲಿನಂತೆ ನೆಲಕ್ಕಿಳಿಯುತ್ತದೆ. ಆ ಜೊಲ್ಲಿನಲ್ಲಿ ಸೋಡಾದ ಅಂಶವಿದೆ. ಹೊಟ್ಟೆಯೊಳಗಿನ ಹುಳಿಯನ್ನು ಹದದಲ್ಲಿಡುವುದೇ ಅದು. ಒಳಗೆ ಹೋಗಬೇಕಾದದ್ದು ಮಣ್ಣುಪಾಲಾಯಿತೆಂದರೆ ಹುಳಿ ಏರುತ್ತದೆ. ಜೊತೆಗೆ ಸೆಖೆಗೆ ಹುಲ್ಲು ಬೇಡವಾಗಿ ಬರೀ ಹಿಂಡಿ, ಫೀಡು ಮುಕ್ಕಿದ ಹಸುವಿಗೆ ಮೆಲುಕೂ ಕಡಿಮೆ, ಜೊಲ್ಲೂ ಕಡಿಮೆ. ಆಗ ಫ್ಯಾಟ್ ಬೀಳುತ್ತದೆ. ಡೇರಿಯ ಮೆಷಿನ್ನಿನಲ್ಲಿ 3ಕ್ಕಿಂತ ಕೆಳಗಿಳಿದ ಅಂಕಿಯ ಹಿಂದಿನ ಕತೆ ಇದು.

ಮೇವು ಬಿಟ್ಟದ್ದರಿಂದ ಹಾಲು ಕಡಿಮೆಯಾಯಿತು ಎಂದು ನಾವೆಲ್ಲ ಸುಲಭವಾಗಿ ಹೇಳಿಬಿಡುತ್ತೇವೆ. ಅದು ಅರ್ಧ ಸತ್ಯ. ಒಂದೇ ಅಳತೆಯ ಮೇವನ್ನು ತಂಪಿನಲ್ಲಿರುವ ಹಸುವಿಗೂ ಸೆಖೆಯಲ್ಲಿರುವ ಹಸುವಿಗೂ ಕೊಟ್ಟು ನೋಡಿದ ಪ್ರಯೋಗಗಳು ತೋರಿಸಿದ್ದೇನೆಂದರೆ, ಇಳಿದ ಹಾಲಿನಲ್ಲಿ ಹೆಚ್ಚೆಂದರೆ ಅರ್ಧದಷ್ಟಕ್ಕೆ ಮಾತ್ರ ಮೇವಿನ ಕೊರತೆ ಕಾರಣ. ಉಳಿದದ್ದು ಸೆಖೆಯೇ ಕಿತ್ತುಕೊಂಡದ್ದು. ಶಾಖ ಹೊರದೂಡಲು ರಕ್ತ ಚರ್ಮದ ಕಡೆ ಹರಿಯುತ್ತದೆ, ಕರುಳಿಗೂ ಕೆಚ್ಚಲಿಗೂ ಸಲ್ಲಬೇಕಾದದ್ದು ಸಲ್ಲುವುದಿಲ್ಲ. ಹಸು ಮಲಗುವುದನ್ನೇ ಬಿಡುತ್ತದೆ, ಏಕೆಂದರೆ ನಿಂತರೆ ಮೈಗೆ ತುಸು ಹೆಚ್ಚು ಗಾಳಿ. ಗಂಟೆಗಟ್ಟಲೆ ಸಿಮೆಂಟ್ ನೆಲದ ಮೇಲೆ ನಿಂತು ನಿಂತು ಗೊರಸು ಕೆಡುತ್ತದೆ. ಮುಂಗಾರಿನಲ್ಲಿ ಕುಂಟುವ ಎಷ್ಟೋ ಹಸುಗಳ ಕುಂಟು ಬೇಸಿಗೆಯಲ್ಲೇ ಹುಟ್ಟಿರುತ್ತದೆ.

ಇನ್ನೊಂದು ಮಾತು. ಇಂದಿನ ಸೆಖೆಯ ಪೆಟ್ಟು ಇಂದೇ ಕಾಣುವುದಿಲ್ಲ. ಒಂದೆರಡು ದಿನ ಬಿಟ್ಟು ಹಾಲಿನಲ್ಲಿ ಕಾಣುತ್ತದೆ. ಮೊನ್ನೆ ಉರಿದ ಬಿಸಿಲನ್ನು ಎಲ್ಲರೂ ಮರೆತಿರುವಾಗ, ಮೋಡ ಕವಿದ ಒಂದು ಸಂಜೆ ಅವಳ ಹಾಲಿನ ಡಿಗ್ರಿ ಇಳಿದಿರುತ್ತದೆ. ಅನುಮಾನ ಬರದೆ ಇನ್ನೇನಾದೀತು?

ಬಿಸಿಲಿನ ಜೊತೆ ತೇವವೂ ಸೇರಿದರೆ ಹಸುವಿನ ಪಾಡು ಕೇಳಬೇಡಿ. ಉಷ್ಣಾಂಶ ಮತ್ತು ಗಾಳಿಯ ತೇವಾಂಶ ಎರಡನ್ನೂ ಕೂಡಿಸಿ ವಿಜ್ಞಾನಿಗಳು ಒಂದು ಸೂಚ್ಯಂಕ ಮಾಡಿದ್ದಾರೆ; ಟಿಎಚ್‌ಐ ಎನ್ನುತ್ತಾರೆ. 72 ದಾಟಿದರೆ ಹೈನು ಹಸುವಿಗೆ ಕಷ್ಟ ಆರಂಭ ಎಂಬುದು ಹಳೆಯ ಲೆಕ್ಕ. ಹೆಚ್ಚು ಹಾಲಿನ ಹಸುಗಳಿಗೆ 68ರಲ್ಲೇ ಕಷ್ಟ ಎಂಬುದು ಈಚಿನದು. 25 ಡಿಗ್ರಿ ಉಷ್ಣಾಂಶ, ಶೇ 50 ತೇವಾಂಶ ಇದ್ದರೆ ಆಗಲೇ 72ರ ಹತ್ತಿರ. ಈ ಲೆಕ್ಕ ಹಾಕಿದರೆ ಒಂದು ಸೋಜಿಗ ಕಾಣುತ್ತದೆ. ಶೇ 25ರಷ್ಟೇ ತೇವ ಇರುವ ಕಲಬುರಗಿಯ 38 ಡಿಗ್ರಿಗೆ ಸೂಚ್ಯಂಕ ಸುಮಾರು 83. ಶೇ 75 ತೇವ ಇರುವ ಪುತ್ತೂರಿನ 32 ಡಿಗ್ರಿಗೆ 85. ಟಿ.ವಿ.ಯವರು ಕಲಬುರಗಿಯ ಡಾಂಬರಿನ ಮೇಲೆ ಮೊಟ್ಟೆ ಒಡೆದು ತೋರಿಸುತ್ತಿರುವಾಗ, ಕರಾವಳಿಯ ಹಂಚಿನ ಕೊಟ್ಟಿಗೆಯಲ್ಲಿ ಜೆರ್ಸಿ ಹಸುವೊಂದು ಯಾರ ಗಮನಕ್ಕೂ ಬಾರದೆ ಏದುತ್ತಿರುತ್ತದೆ.

ಕಪ್ಪುಬಿಳುಪಿನ ಎಚ್‌ಎಫ್ ಹಸುವನ್ನು ಇಲ್ಲಿಗೆ ಕರೆದವರು ನಾವೇ. ಬೇಸಿಗೆಯ ಮಧ್ಯಾಹ್ನವೂ 22 ಡಿಗ್ರಿಯ ಆಸುಪಾಸಿನಲ್ಲಿರುವ ಹಾಲೆಂಡ್, ಉತ್ತರ ಜರ್ಮನಿಯ ಹುಲ್ಲುಗಾವಲು ಅದರ ತವರು. ಕ್ಷೀರಕ್ರಾಂತಿಯ ದಶಕಗಳಲ್ಲಿ ಅದರ ವೀರ್ಯದ ಕಡ್ಡಿಗಳು ನಮ್ಮ ಹಳ್ಳಿಗಳಿಗೆ ಬಂದವು. ನಾಟಿ ಹಸುವಿನ ಹೊಟ್ಟೆಯಲ್ಲಿ ಸೀಮೆಹಸು ಹುಟ್ಟಿತು. ಒಳ್ಳೆಯದೇ ಆಯಿತು. ಶಾಶ್ವತವಾಗಿ ಹರಿಯುವ ಒಂದು ಹೊಳೆಯೂ ಇಲ್ಲದ, ಸಾವಿರ ಅಡಿ ಕೊರೆದರೂ ನೀರು ಸಿಗದ ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಲಕ್ಷಾಂತರ ಮನೆಗಳ ಒಲೆ ಉರಿದದ್ದು ರೇಷ್ಮೆಯಿಂದ, ಆಮೇಲೆ ಈ ಹಸುವಿನಿಂದ. ಮಕ್ಕಳ ಫೀಸು, ಸಂಘದ ಕಂತು, ಔಷಧಿಯ ಖರ್ಚು ಎಲ್ಲಕ್ಕೂ ಬಟವಾಡೆಯ ದಿನವೇ ದಿಕ್ಕು. ಹಾಗಾಗಿ "ಸೀಮೆಹಸು ಬಿಡಿ, ನಾಟಿಗೆ ಮರಳಿ" ಎಂದು ನಗರದಲ್ಲಿ ಕುಳಿತು ಹೇಳುವವರ ಮಾತು ನನಗೆ ರುಚಿಸುವುದಿಲ್ಲ. ಹಳ್ಳಿಕಾರ್, ಅಮೃತಮಹಲ್, ಮಲೆನಾಡು ಗಿಡ್ಡ ಬಿಸಿಲು ತಾಳುವ ತಳಿಗಳು, ನಿಜ. ಜೋಲುವ ಗಂಗೆದೊಗಲು, ಸಡಿಲ ಚರ್ಮ, ಹೆಚ್ಚು ಬೆವರುಗ್ರಂಥಿ, ಒಳಗಿನ ಕಾವೂ ಕಡಿಮೆ. ಆದರೆ ಎರಡು ಲೀಟರ್ ಹಾಲಿನಲ್ಲಿ ಅವಳ ಮನೆ ನಡೆಯುತ್ತದೆಯೇ ಎಂದು ಮೊದಲು ಕೇಳಿ ಆಮೇಲೆ ಉಪದೇಶಿಸಿ. ಕರೆದು ತಂದ ಮೇಲೆ ನೆರಳು ನೀರು ಕೊಡಬೇಕಾದ್ದು ಕರೆದವರ ಧರ್ಮ, ಅಷ್ಟೇ ನನ್ನ ತಕರಾರು.

ಆ ಧರ್ಮ ನಮ್ಮ ಹಿರಿಯರಿಗೆ ಗೊತ್ತಿತ್ತು. ಊರೂರಿಗೆ ಗೋಕಟ್ಟೆ ಕಟ್ಟಿಸಿದರು. ಬಾವಿಯ ಪಕ್ಕ ದನಗಳಿಗೆಂದು ಕಲ್ಲಿನ ತೊಟ್ಟಿ ಇಟ್ಟರು, ಮೈ ತುರಿಸಿಕೊಳ್ಳಲು ಕಲ್ಲು ನೆಟ್ಟರು. ಗೋಮಾಳದಲ್ಲಿ ಹೊಂಗೆ, ಹುಣಸೆ, ಬೇವು ಇದ್ದವು. ಇಂದು ಗೋಮಾಳ ಸೈಟಾಯಿತು, ಗೋಕಟ್ಟೆ ಬಸ್‌ಸ್ಟ್ಯಾಂಡಾಯಿತು, ಹಸು ಶೀಟಿನ ಕೆಳಗೆ ಬಂತು. ನರೇಗಾ ಹಣದಲ್ಲಿ ಕಟ್ಟಿದ ಎಷ್ಟೋ ಕೊಟ್ಟಿಗೆಗಳನ್ನು ನೋಡಿ: ಮೂರು ಕಡೆ ಗೋಡೆ, ಕೈಗೆಟುಕುವ ಎತ್ತರದಲ್ಲಿ ಶೀಟು, ಹೆಸರಿಗೊಂದು ಕಿಟಕಿ. ಹಣ ಕೊಟ್ಟ ಸರ್ಕಾರವೂ, ಎಸ್ಟಿಮೇಟ್ ಬರೆದ ಎಂಜಿನಿಯರೂ ಒಮ್ಮೆ ಮಧ್ಯಾಹ್ನ ಎರಡು ಗಂಟೆಗೆ ಅದರೊಳಗೆ ಅರ್ಧ ಗಂಟೆ ನಿಲ್ಲಲಿ ಎಂದು ನನಗೆ ಬಹಳ ಆಸೆ. ಹಗಲು ಕಾದ ಶೀಟು, ಗೋಡೆ ಮುಸ್ಸಂಜೆಯವರೆಗೂ ಕಾವು ಕಾರುತ್ತಿರುತ್ತವೆ. ಹಸುವಿನ ಮೈಬಿಸಿ ಗರಿಷ್ಠಕ್ಕೆ ಏರುವುದೇ ಮಧ್ಯಾಹ್ನ ಕಳೆದು ಸಂಜೆಯಾಗುವಾಗ. ರಾತ್ರಿಯ ತಂಪಿನಲ್ಲಿ ಅದನ್ನು ಇಳಿಸಿಕೊಳ್ಳಬೇಕು. ಆದರೆ ಕಳ್ಳರ ಭಯಕ್ಕೆ, ಚಿರತೆಯ ಭಯಕ್ಕೆ ರಾತ್ರಿ ಬಾಗಿಲು ಹಾಕಿಬಿಡುತ್ತೇವೆ.

ಹಸು ಸಾಕುವ ನಮ್ಮವರಿಗೆ ನನ್ನ ಮೊದಲ ಕರೆ ನೀರಿನದು. ಹಾಲಿನ ನೂರು ಪಾಲಿನಲ್ಲಿ 87 ಪಾಲು ನೀರೇ. ಕರೆಯುವ ಹಸು ಬೇಸಿಗೆಯಲ್ಲಿ ದಿನಕ್ಕೆ 80, 100 ಲೀಟರ್ ಕುಡಿದೀತು. ನಾವು ಬೆಳಗ್ಗೆ ಒಂದು ಬಾನಿ, ಸಂಜೆ ಒಂದು ಬಾನಿ ಕಲಗಚ್ಚು ಇಟ್ಟು "ಕುಡಿಸಿದ್ದಾಯಿತು" ಎನ್ನುತ್ತೇವೆ. ನಡುವೆ ಹನ್ನೆರಡು ಗಂಟೆ ಅದು ಯಾರನ್ನು ಕೇಳಬೇಕು? ಹಗ್ಗದ ಅಳತೆಯೊಳಗೆ ಒಂದು ತೊಟ್ಟಿ ಇರಲಿ, ಅದರಲ್ಲಿ ಸದಾ ನೀರಿರಲಿ, ತೊಟ್ಟಿ ನೆರಳಲ್ಲಿರಲಿ. ಬಿಸಿಲಿಗೆ ಕಾದ ನೀರನ್ನು ಹಸು ಮೂಸಿ ಬಿಡುತ್ತದೆ. ಟ್ಯಾಂಕರ್ ಕೊಂಡು ಬದುಕುವ ಊರಿನಲ್ಲಿ ಇದು ಸುಲಭದ ಮಾತಲ್ಲವೆಂದು ಬಲ್ಲೆ. 2023ರ ಬರದಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಅದರ ಬೆನ್ನಿಗೇ ಬಂದ 2024ರ ಏಪ್ರಿಲಿನಲ್ಲಿ ತಂಪೂರೆಂದು ಹೆಸರಾದ ಬೆಂಗಳೂರೇ 38.5 ಡಿಗ್ರಿ ಕಂಡಿತು. ಆ ಬೇಸಿಗೆಯಲ್ಲಿ ಬಿಂದಿಗೆ ನೀರನ್ನು ಮಗುವಿಗೋ ಹಸುವಿಗೋ ಎಂದು ಹಂಚಿಕೊಂಡ ಮನೆಗಳಿಗೆ ನಾನು ಪಾಠ ಹೇಳಲಾರೆ. ಅಂಥ ಮನೆಯ ಹಸುವಿಗೆ ನೀರು ಒದಗಿಸಬೇಕಾದದ್ದು ಪಂಚಾಯಿತಿ, ಒದಗಿಸದಿದ್ದರೆ ಕೇಳಬೇಕಾದದ್ದು ಊರು.

ನೀರಿನ ಕಷ್ಟ ಇಲ್ಲದ ಮನೆಗಳಲ್ಲೂ ಹಸು ಶೀಟಿನ ಕೆಳಗೆ ಕಟ್ಟಿಕೊಂಡೇ ಇರುತ್ತದಲ್ಲ, ಅದಕ್ಕೇನನ್ನೋಣ? ಇಪ್ಪತ್ತು ಹೆಜ್ಜೆ ಆಚೆ ಹೊಂಗೆಮರ ಇರುತ್ತದೆ. ಹತ್ತು ಗಂಟೆಗೆ ಹಸುವನ್ನು ಅದರಡಿ ಕಟ್ಟಿ ಶೀಟಿನ ಕಾವು ಇಳಿದ ಮೇಲೆ ಒಳಗೆ ತರಲು ಖರ್ಚೇನು? ಒಳ್ಳೆಯ ನೆರಳೊಂದೇ ಬಿಸಿಲಿನಿಂದ ಮೈಗೆ ತಾಗುವ ಕಾವಿನಲ್ಲಿ ಮೂರರಲ್ಲೊಂದು ಪಾಲನ್ನಾದರೂ ತಡೆಯುತ್ತದೆ. ಮರವಿಲ್ಲದಿದ್ದರೆ ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿ, ಸುಣ್ಣ ಬಳಿಯಿರಿ, ಅಂಚಿಗೆ ಗೋಣಿ ಕಟ್ಟಿ ನೆನೆಸಿ. ಮೈಗೆ ನೀರು ಹಾಕುವುದಾದರೆ ಗಾಳಿಯೂ ಆಡಬೇಕು. ಗಾಳಿಯಿಲ್ಲದ ಮುಚ್ಚಿದ ಕೊಟ್ಟಿಗೆಯಲ್ಲಿ, ಅದೂ ಕರಾವಳಿಯಲ್ಲಿ, ಬರೀ ನೀರು ಹೊಯ್ದರೆ ಒಳಗಿನ ತೇವ ಏರಿ ಹಸುವಿನ ಕಷ್ಟ ಹೆಚ್ಚುತ್ತದೆ. ಹಿಂಡಿ, ಫೀಡನ್ನು ಬೆಳಕು ಹರಿಯುವ ಮುಂಚೆ ಮತ್ತು ರಾತ್ರಿ ಊಟದ ಮೇಲೆ ಇಡಿ. ಹಸು ತಿಂದ ಕೆಲವು ಗಂಟೆಗಳಲ್ಲಿ ಒಳಗಿನ ಶಾಖ ಏರುತ್ತದೆ; ಆ ಹೊತ್ತು ನಡುಮಧ್ಯಾಹ್ನವಾಗದಿರಲಿ. ಉಪ್ಪು, ಖನಿಜದ ಮಿಶ್ರಣ, ವೈದ್ಯರು ಹೇಳಿದಷ್ಟು ಅಡುಗೆ ಸೋಡಾ ಮರೆಯಬೇಡಿ. ಹಸು ಬಾಯಿ ತೆರೆದು ಏದುತ್ತ ತೂರಾಡಿದರೆ ನಾಳೆ ನೋಡೋಣ ಎನ್ನದೆ ಪಶುಚಿಕಿತ್ಸೆಯ ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ಬೆದೆಯ ವಿಷಯ ಚುಟುಕಾಗಿ ಹೇಳುತ್ತೇನೆ, ಅದು ಎಲ್ಲರಿಗೂ ಗೊತ್ತು. ಬೇಸಿಗೆಯಲ್ಲಿ ಬೆದೆ ಮೂಕವಾಗುತ್ತದೆ, ಇಂಜೆಕ್ಷನ್ ಕೊಡಿಸಿದರೂ ಗಬ್ಬ ನಿಲ್ಲುವುದಿಲ್ಲ. ಗೊತ್ತಿಲ್ಲದ್ದು ಇನ್ನೊಂದಿದೆ. ತುಂಬು ಗಬ್ಬದ, ಹಾಲು ಬತ್ತಿಸಿದ ಹಸುವನ್ನು ನಾವು "ಕರೆಯೋದಿಲ್ವಲ್ಲ" ಎಂದು ಮನೆಯ ಹಿಂದಿನ ಬಿಸಿಲಿಗೆ ನೂಕುತ್ತೇವೆ. ಆ ಕೊನೆಯ ತಿಂಗಳುಗಳಲ್ಲಿ ಸೆಖೆ ತಿಂದ ಹಸು ಕರು ಹಾಕಿದ ಮೇಲೆ ಕಡಿಮೆ ಕರೆಯುತ್ತದೆ. ಹೊಟ್ಟೆಯಲ್ಲಿದ್ದ ಹೆಣ್ಣುಗರು ಹಗುರಾಗಿ ಹುಟ್ಟುತ್ತದೆ, ದೊಡ್ಡದಾಗಿ ತಾನೇ ಕರೆಯುವ ಕಾಲಕ್ಕೂ ಹಾಲು ಕಡಿಮೆ ಕೊಡುತ್ತದೆ. ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದವರು ವರ್ಷಗಟ್ಟಲೆ ಹಿಂಬಾಲಿಸಿ ಕಂಡ ಸಂಗತಿ ಇದು. ಇನ್ನೂ ಕಣ್ಣು ಬಿಡದ ಕರುವಿಗೂ ಈ ಬಿಸಿಲು ಲೆಕ್ಕ ಬರೆದಿಡುತ್ತದೆ.

ಈಗ ಒಕ್ಕೂಟಗಳಿಗೆ, ಸರ್ಕಾರಕ್ಕೆ. 2024ರ ಮುಂಗಾರಿನಲ್ಲಿ ಕೆಎಂಎಫ್‌ನ ದಿನದ ಸಂಗ್ರಹ 1 ಕೋಟಿ ಲೀಟರ್ ಮುಟ್ಟಿತೆಂದು ಸಂಭ್ರಮಪಟ್ಟಿರಿ. ನಾವೂ ಹೆಮ್ಮೆಪಟ್ಟೆವು. ಆ ಕೋಟಿಯಲ್ಲಿ ಬೇಸಿಗೆಯ ಗಾಯ ಕಾಣುವುದಿಲ್ಲ, ಒಟ್ಟು ಮೊತ್ತಕ್ಕೆ ಏದುಸಿರು ಕೇಳಿಸುವುದಿಲ್ಲ. ನಿಮ್ಮ ಹಾಲನ್ನು 4 ಡಿಗ್ರಿಗೆ ತಂಪಾಗಿಡಲು ಊರೂರಿಗೆ ಬಿಎಂಸಿ ಎಂಬ ಶೈತ್ಯತೊಟ್ಟಿ ಇಟ್ಟಿರಿ, ಸರಿಯಾದ ಕೆಲಸ. ಹಾಲು ಕೊಡುವವಳನ್ನು ತಂಪಾಗಿಡಲು ಏನಿಟ್ಟಿರಿ? ಮಾರ್ಚಿನಿಂದ ಮೇ ತನಕ ಎಸ್‌ಎನ್‌ಎಫ್ ಕುಸಿದರೆ ದರ ಕತ್ತರಿಸುವ ಮುನ್ನ ಆ ಊರಿನ ಕೊಟ್ಟಿಗೆಗೆ ನಿಮ್ಮ ವೈದ್ಯರು ಒಂದು ಸಲ ಹೋಗಿ ಬರಲಿ. ಅನುಮಾನವಿದ್ದರೆ ಹಾಲು ತಂದವಳ ಕಣ್ಣೆದುರೇ ಹಸು ಕರೆಸಿ ಆ ಹಾಲನ್ನು ಅಳೆಯಿರಿ. ಅಲ್ಲಿಯವರೆಗೆ ಸಾಲಿನ ನಡುವೆ ಕಳ್ಳಿ ಎನ್ನಬೇಡಿ. ಫ್ಯಾನಿಗೆ, ನೆರಳುಬಲೆಗೆ, ತೊಟ್ಟಿಗೆ ಸಾಲ ಕೊಟ್ಟು ಬಟವಾಡೆಯಲ್ಲಿ ಹಿಡಿದುಕೊಳ್ಳಿ. ಹಸು ಕೊಳ್ಳಲು ಸಾಲ ಕೊಟ್ಟವರಿಗೆ ಇದು ಕಷ್ಟವೇ? ಮಧ್ಯಾಹ್ನ ಹಳ್ಳಿಯ ಕರೆಂಟು ತೆಗೆದು ಸಂಜೆ ಫ್ಯಾನಿನ ಸಬ್ಸಿಡಿ ಘೋಷಿಸುವ ತಮಾಷೆ ಬೇಡ.

ವಿಮೆಯ ಮಾತೂ ಇದೆ. ನಮ್ಮಲ್ಲಿ ಹಸು ಸತ್ತರೆ, ಇಲ್ಲವೇ ಶಾಶ್ವತವಾಗಿ ಅಸಮರ್ಥವಾದರೆ ಮಾತ್ರ ವಿಮೆಯ ಹಣ. ಎರಡು ತಿಂಗಳು ಬೆಂದು ಹಾಲು ಅರ್ಧಕ್ಕಿಳಿದ ಹಸು ಬದುಕಿದೆ, ಆದ್ದರಿಂದ ನಷ್ಟವೇ ಇಲ್ಲ! ನೆರೆಯ ಕೇರಳದ ಮಲಬಾರಿನ ಹಾಲು ಒಕ್ಕೂಟ ಭಾರತೀಯ ಕೃಷಿ ವಿಮಾ ಕಂಪನಿಯ ಜೊತೆಗೂಡಿ ಬೇರೆ ದಾರಿ ಹಿಡಿದಿದೆ: ಗೊತ್ತುಪಡಿಸಿದ ಮಟ್ಟಕ್ಕಿಂತ ಉಷ್ಣಾಂಶ ಸತತವಾಗಿ ಕೆಲವು ದಿನ ಮೇಲಿದ್ದರೆ ವಿಮೆ ಮಾಡಿಸಿದವರ ಖಾತೆಗೆ ಹಣ. ಹೆಣ ತೋರಿಸಬೇಕಿಲ್ಲ, ಥರ್ಮಾಮೀಟರೇ ಸಾಕ್ಷಿ. ಹಾಲಿನಲ್ಲಿ ಕೇರಳಕ್ಕಿಂತ ಎಷ್ಟೋ ಮುಂದಿರುವ ನಾವು ಇದನ್ನು ಕಲಿಯಲು ನಾಚಬೇಕಾಗಿಲ್ಲ. ಪಶುಪೋಷಣೆ, ಶರೀರಕ್ರಿಯೆಗಳ ರಾಷ್ಟ್ರೀಯ ಸಂಸ್ಥೆ ಬೆಂಗಳೂರಿನ ಆಡುಗೋಡಿಯಲ್ಲೇ ಇದೆ, ಬೀದರಿನಲ್ಲಿ ಪಶುವೈದ್ಯ ವಿಶ್ವವಿದ್ಯಾಲಯವಿದೆ. ತಿಳಿವಳಿಕೆಗೆ ಕೊರತೆಯಿಲ್ಲ, ಅದು ಡೇರಿಯ ಬಾಗಿಲಿನವರೆಗೆ ನಡೆದು ಬಂದಿಲ್ಲ.

ಪ್ಯಾಕೆಟ್ ಕತ್ತರಿಸುವ ನಗರದವರೇ, ನಿಮ್ಮನ್ನು ಬಿಟ್ಟಿಲ್ಲ. ನೀಲಿ ಪ್ಯಾಕೆಟ್ಟಿನ ಮೇಲೆ 3 ಫ್ಯಾಟ್, 8.5 ಎಸ್‌ಎನ್‌ಎಫ್ ಎಂದು ಮೇ ತಿಂಗಳಲ್ಲೂ ಡಿಸೆಂಬರಿನಲ್ಲೂ ಒಂದೇ ಅಂಕಿ ಇರುತ್ತದೆ. ಕಾರ್ಖಾನೆಯಲ್ಲಿ ಹದ ಮಾಡಿ ನಿಮಗೆ ಒಂದೇ ರುಚಿ ಮುಟ್ಟಿಸುತ್ತಾರೆ. ಹಾಗಾಗಿ ಬೇಸಿಗೆ ನಿಮ್ಮ ಲೋಟದೊಳಕ್ಕೆ ಬರುವುದೇ ಇಲ್ಲ. 2025ರ ಏಪ್ರಿಲಿನಲ್ಲಿ ಲೀಟರಿಗೆ 4 ರೂಪಾಯಿ ಏರಿದಾಗ ಎಷ್ಟು ಕೂಗಿದಿರಿ! ಕೂಗಿ, ಬೇಡ ಎನ್ನುವುದಿಲ್ಲ. ಆದರೆ ಜೊತೆಗೆ ಇದನ್ನೂ ಕೇಳಿ: ಆ ಏರಿಕೆಯಲ್ಲಿ ನೆರಳಿಗೆಷ್ಟು, ನೀರಿಗೆಷ್ಟು? ಹೋಟೆಲಿನ ಅಂಗಳದಲ್ಲಿ, ಮದುವೆ ಛತ್ರದ ಬಾಗಿಲಲ್ಲಿ ನೀರಿನ ಹನಿ ಊದುವ ಫ್ಯಾನು ನಿಮ್ಮ ಮುಖಕ್ಕೆ ತಂಪೆರೆಯುವಾಗ, ಅದೇ ಫ್ಯಾನು ನಿಮ್ಮ ಕಾಫಿಯ ಮೂಲಸ್ಥಾನದಲ್ಲಿ ಏಕಿಲ್ಲ ಎಂದು ಒಮ್ಮೆ ಯೋಚಿಸಿ. ಬಸವ ಜಯಂತಿ ಬರುವುದೂ ಸುಡು ಬೇಸಿಗೆಯಲ್ಲೇ. ದನಗಳ ಕೊರಳಿಗೆ ಹಾರ ಹಾಕಿ ನಡುಬಿಸಿಲಲ್ಲಿ ತಮಟೆ ಬಡಿಯುತ್ತ ಮೆರವಣಿಗೆ ಮಾಡುವ ಭಕ್ತರು ಹೊತ್ತು ಬದಲಿಸಿ ಮುಂಜಾನೆಗೆ ಇಟ್ಟುಕೊಂಡರೆ ದೇವರಿಗೇನೂ ಕೊರತೆಯಾಗದು.

ಹಾಲು ಉತ್ಪಾದಕರ ಸಂಘಗಳ ವಾರ್ಷಿಕ ಮಹಾಸಭೆ ನಡೆಯುವುದು ಮಳೆಗಾಲದ ಕೊನೆಗೆ, ಸೆಪ್ಟೆಂಬರಿನ ಹೊತ್ತಿಗೆ. ಆಗ ಎಲ್ಲರಿಗೂ ಬಿಸಿಲು ಮರೆತುಹೋಗಿರುತ್ತದೆ. ಲೆಕ್ಕಪತ್ರ ಓದಿ, ಬೋನಸ್ ಹಂಚಿ, ಊಟ ಹಾಕಿ ಕಳಿಸುತ್ತಾರೆ. ಈ ಸಲ ಊಟಕ್ಕೆ ಏಳುವ ಮುಂಚೆ ಒಂದು ಠರಾವು ಮಂಡಿಸಿ. ಬರುವ ಫೆಬ್ರವರಿಯೊಳಗೆ ಸದಸ್ಯರ ಪ್ರತಿ ಕೊಟ್ಟಿಗೆಗೂ ನೆರಳು, ಸದಾ ನೀರಿನ ತೊಟ್ಟಿ. ಡೇರಿಯ ಗೋಡೆಗೆ ಒಂದು ಥರ್ಮಾಮೀಟರ್, ತೇವಮಾಪಕ, ದಿನವೂ ಅಂಕಿ ಬರೆಯಲು ಒಂದು ಪುಸ್ತಕ. ಆ ಪುಸ್ತಕದಲ್ಲಿ ಸೆಖೆ ಮಿತಿ ಮೀರಿದ ದಿನಗಳ ಮುಂದಿನ ಮೂರು ದಿನ ಡಿಗ್ರಿ ಕಡಿಮೆಯೆಂದು ಯಾರ ಹಾಲನ್ನೂ ವಿಚಾರಣೆಯಿಲ್ಲದೆ ವಾಪಸು ಕಳಿಸಕೂಡದು. ಠರಾವನ್ನು ಓದುವ ಕೆಲಸ ಕಾರ್ಯದರ್ಶಿಗೆ ಬಿಡಬೇಡಿ. ಹಸು ಕರೆಯುವವಳು ಎದ್ದು ನಿಂತು ಓದಲಿ, ಉಳಿದವರು ಕೈಯೆತ್ತಲಿ.